ಬಾಡಿಗೆ ಮನೆಯ ಕರೆಂಟ್ ಬಿಲ್ಲು: ಒಂದು ಮೀಟರಿನ ಹಿಂದೆ ಎಷ್ಟು ಬಾಗಿಲು?

ಹೊಸೂರು: ಬಾಡಿಗೆ ಮನೆ ಹುಡುಕುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ಬರುತ್ತದೆಯೇ? ಕರೆಂಟ್ ಮಾತು ಬಂದರೆ "ಅದು ಬೇರೆ, ಯೂನಿಟ್ ಲೆಕ್ಕ" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಆ ಯೂನಿಟ್ ಲೆಕ್ಕ ಯಾವ ಮೀಟರಿನದು, ಆ ಮೀಟರಿಗೆ ಎಷ್ಟು ಮನೆಗಳು ಸೇರಿವೆ ಎಂದು ಕೇಳುವವರು ಕಡಿಮೆ.

ಕೇಳದೆ ಬಿಟ್ಟ ಆ ಒಂದು ಪ್ರಶ್ನೆಯಿಂದ ಸಾಧಾರಣ ಕುಟುಂಬವೊಂದಕ್ಕೆ ವರ್ಷಕ್ಕೆ ಐದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನಷ್ಟವಾಗಬಹುದು. ಹೊಸೂರಿನ ಸಿಪ್ಕಾಟ್ ಸುತ್ತಮುತ್ತ, ಜೂಜುವಾಡಿ, ಮತ್ತಿಗಿರಿ, ಬಾಗಲೂರು ರಸ್ತೆಯ ವಠಾರಗಳಲ್ಲಿ ಕಾರ್ಖಾನೆ ಕೆಲಸದವರು ಸಾವಿರಾರು ಮಂದಿ ಬಾಡಿಗೆಗಿದ್ದಾರೆ. ಅವರಿಗೆ ಇದು ಸಣ್ಣ ಮೊತ್ತವಲ್ಲ. ತಮಿಳುನಾಡಿನಲ್ಲಿ ಮನೆ ವಿದ್ಯುತ್ ದರ ಎಲ್ಲ ಕಡೆಗೂ ಒಂದೇ ಆಗಿರುವುದರಿಂದ ಡೆಂಕಣಿಕೋಟೆ, ತಳಿ, ತಾಳವಾಡಿ, ನೀಲಗಿರಿಯ ಬಾಡಿಗೆದಾರರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಎರಡು ತಿಂಗಳ ಲೆಕ್ಕ

ತಮಿಳುನಾಡು ವಿದ್ಯುತ್ ಮಂಡಳಿ 2010ರಲ್ಲಿ ಟ್ಯಾಂಜೆಡ್ಕೋ ಆಯಿತು. 2024ರಲ್ಲಿ ವಿತರಣೆಯ ಕೆಲಸ ತಮಿಳುನಾಡು ವಿದ್ಯುತ್ ವಿತರಣಾ ನಿಗಮದ ಹೆಸರಿಗೆ ಬಂತು. ಹೆಸರು ಏನೇ ಆಗಲಿ, ಜನರ ಬಾಯಲ್ಲಿ ಅದು ಈಗಲೂ 'ಇ.ಬಿ.'ಯೇ. ಇಲ್ಲಿ ಮನೆಗಳ ರೀಡಿಂಗ್ ಎರಡು ತಿಂಗಳಿಗೊಮ್ಮೆ ನಡೆಯುವುದು ರೂಢಿ. ದರದ ಹಂತಗಳು ಕೂಡ ಎರಡು ತಿಂಗಳ ಬಳಕೆಯ ಮೇಲೇ ನಿಗದಿಯಾಗಿವೆ.

2016ರ ಮೇ ತಿಂಗಳಲ್ಲಿ ಅಂದಿನ ಸರಕಾರ ಪ್ರತಿ ಮನೆ ಸಂಪರ್ಕಕ್ಕೂ ಎರಡು ತಿಂಗಳಿಗೆ 100 ಯೂನಿಟ್ ಉಚಿತ ಎಂದು ಘೋಷಿಸಿತು. 2022ರ ಸೆಪ್ಟೆಂಬರ್ 10ರ ದರ ಪರಿಷ್ಕರಣೆಯಲ್ಲಿ ದರ ಏರಿತಾದರೂ ಮನೆಗಳ ಸ್ಥಿರ ಶುಲ್ಕವನ್ನು ಕೈಬಿಡಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸಬ್ಸಿಡಿ ಕಳೆದು ಗ್ರಾಹಕರು ಕಟ್ಟಬೇಕಾದ ದರ ಹೀಗಿದೆ.

ಎರಡು ತಿಂಗಳ ಬಳಕೆ 500 ಯೂನಿಟ್ ಮೀರದಿದ್ದರೆ:
1ರಿಂದ 100 ಯೂನಿಟ್ - ಉಚಿತ
101ರಿಂದ 200 - ಯೂನಿಟ್‌ಗೆ 2.35 ರೂ.
201ರಿಂದ 400 - 4.70 ರೂ.
401ರಿಂದ 500 - 6.30 ರೂ.

500 ಯೂನಿಟ್ ಮೀರಿದರೆ:
1ರಿಂದ 100 ಯೂನಿಟ್ - ಉಚಿತ
101ರಿಂದ 400 - 4.70 ರೂ.
401ರಿಂದ 500 - 6.30 ರೂ.
501ರಿಂದ 600 - 8.40 ರೂ.
601ರಿಂದ 800 - 9.45 ರೂ.
801ರಿಂದ 1000 - 10.50 ರೂ.
1000ಕ್ಕಿಂತ ಮೇಲೆ - 11.55 ರೂ.

ಎರಡೂ ಪಟ್ಟಿಗಳನ್ನು ಹೋಲಿಸಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. 500 ದಾಟಿದ ಕೂಡಲೇ 101ರಿಂದ 200ರವರೆಗಿನ ಅಗ್ಗದ 2.35 ರೂಪಾಯಿ ದರ ಮಾಯವಾಗುತ್ತದೆ. ಸರಿಯಾಗಿ 500 ಯೂನಿಟ್ ಬಳಸಿದವರ ಬಿಲ್ಲು 1,805 ರೂಪಾಯಿ. 501 ಯೂನಿಟ್ ಬಳಸಿದವರ ಬಿಲ್ಲು 2,048 ರೂಪಾಯಿ 40 ಪೈಸೆ. ಅಂದರೆ ಆ ಒಂದು ಯೂನಿಟ್ಟಿಗೆ ಬೀಳುವ ಹೊರೆ 243 ರೂಪಾಯಿಗೂ ಹೆಚ್ಚು.

ದರ ಮುಂದೆ ಬದಲಾಗಬಹುದು. ಆದರೆ ಬಳಕೆ ಹೆಚ್ಚಿದಂತೆ ಯೂನಿಟ್ ದರವೂ ಏರುವ ಈ ಹಂತದ ಪದ್ಧತಿ ಇರುವವರೆಗೆ ಕೆಳಗಿನ ಲೆಕ್ಕದ ದಾರಿ ಬದಲಾಗದು.

ನಾಲ್ಕು ಮನೆ, ಒಂದು ಮೀಟರ್

ನಾಲ್ಕು ಮನೆಗಳ ಒಂದು ವಠಾರ ಎಂದಿಟ್ಟುಕೊಳ್ಳೋಣ. ಪ್ರತಿ ಮನೆಯೂ ಎರಡು ತಿಂಗಳಿಗೆ 180 ಯೂನಿಟ್ ಬಳಸುತ್ತದೆ. ಎರಡು ಫ್ಯಾನು, ಟಿ.ವಿ., ಫ್ರಿಜ್ಜು, ಮಿಕ್ಸಿ, ಕೆಲವು ದೀಪಗಳಿರುವ ಮನೆಗೆ ಇದು ಸಾಧಾರಣ ಬಳಕೆ.

ನಾಲ್ಕಕ್ಕೂ ಪ್ರತ್ಯೇಕ ಇ.ಬಿ. ಮೀಟರ್ ಇದ್ದರೆ ಪ್ರತಿ ಮನೆಗೆ ಮೊದಲ 100 ಯೂನಿಟ್ ಉಚಿತ. ಉಳಿದ 80 ಯೂನಿಟ್ಟಿಗೆ 2.35ರಂತೆ 188 ರೂಪಾಯಿ. ನಾಲ್ಕೂ ಮನೆ ಸೇರಿ ಕಟ್ಟುವುದು 752 ರೂಪಾಯಿ.

ನಾಲ್ಕೂ ಮನೆ ಒಂದೇ ಇ.ಬಿ. ಮೀಟರಿನ ಹಿಂದಿದ್ದರೆ ಲೆಕ್ಕವೇ ಬೇರೆ. ನಿಗಮದ ಕಣ್ಣಿಗೆ ಅದು 720 ಯೂನಿಟ್ ಬಳಸಿದ ಒಂದು ದೊಡ್ಡ ಮನೆ. ಉಚಿತ ಸಿಗುವುದು ಒಟ್ಟು 100 ಯೂನಿಟ್ ಮಾತ್ರ. ನಂತರದ 300 ಯೂನಿಟ್ಟಿಗೆ 1,410 ರೂ., ಮುಂದಿನ 100ಕ್ಕೆ 630 ರೂ., ಅದರ ಮುಂದಿನ 100ಕ್ಕೆ 840 ರೂ., ಕೊನೆಯ 120 ಯೂನಿಟ್ಟಿಗೆ 1,134 ರೂ. ಒಟ್ಟು 4,014 ರೂಪಾಯಿ. ತಲಾ ಒಂದು ಸಾವಿರ ರೂಪಾಯಿಯ ಮೇಲೆ.

ಬಳಸಿದ್ದು ಅಷ್ಟೇ ಕರೆಂಟು. 188 ರೂಪಾಯಿ ಕಟ್ಟಬೇಕಾದ ಮನೆ ಸಾವಿರ ರೂಪಾಯಿ ಕಟ್ಟುತ್ತದೆ. ವರ್ಷಕ್ಕೆ ಆರು ಬಿಲ್ಲುಗಳಂತೆ ಪ್ರತಿ ಮನೆಗೆ 4,893 ರೂಪಾಯಿ, ಇಡೀ ವಠಾರಕ್ಕೆ 19,572 ರೂಪಾಯಿ ಹೆಚ್ಚು ಹೊರೆ. ಇದರಲ್ಲಿ ಮನೆ ಮಾಲೀಕರ ಕೈಗೆ ಒಂದು ಪೈಸೆಯೂ ಹೋಗುವುದಿಲ್ಲ ಎಂಬುದು ಗಮನಿಸಬೇಕಾದ ಅಂಶ. ಸರಕಾರ ಬಡ ಮತ್ತು ಮಧ್ಯಮ ವರ್ಗದ ಮನೆಗಳಿಗೆಂದು ಕೊಟ್ಟ ರಿಯಾಯಿತಿ ಒಂದೇ ಮೀಟರಿನ ಕಾರಣಕ್ಕೆ ಬಾಡಿಗೆದಾರರನ್ನು ತಲುಪದೆ ಉಳಿಯುತ್ತದೆ, ಅಷ್ಟೇ.

ಎರಡೇ ಮನೆಗಳಿದ್ದರೂ ಫಲ ಇದೇ. ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು, ತಲಾ 260 ಯೂನಿಟ್ ಬಳಕೆ ಎನ್ನೋಣ. ಪ್ರತ್ಯೇಕ ಮೀಟರ್ ಇದ್ದರೆ ತಲಾ 517 ರೂಪಾಯಿ. ಒಂದೇ ಮೀಟರ್ ಆದರೆ 520 ಯೂನಿಟ್ಟಿಗೆ 2,208 ರೂಪಾಯಿ, ತಲಾ 1,104. ಇಲ್ಲಿ ಮಾಲೀಕರೂ ಬಾಡಿಗೆದಾರರಷ್ಟೇ ಕಳೆದುಕೊಳ್ಳುತ್ತಾರೆ.

ಸಬ್ ಮೀಟರ್ ಎಂಬ ನಡುಮನೆ

ಬಹಳ ವಠಾರಗಳಲ್ಲಿ ಪ್ರತಿ ಬಾಗಿಲಿಗೂ ಒಂದು ಚಿಕ್ಕ ಮೀಟರ್ ಕಾಣುತ್ತದೆ. ಅದನ್ನು ನೋಡಿ "ನಮಗೆ ಪ್ರತ್ಯೇಕ ಮೀಟರ್ ಇದೆ" ಎಂದುಕೊಳ್ಳುವವರು ಹೆಚ್ಚು. ಅದು ಮಾಲೀಕರು ಅಂಗಡಿಯಿಂದ ತಂದು ಹಾಕಿಸಿದ ಸಬ್ ಮೀಟರ್. ಯಾರು ಎಷ್ಟು ಬಳಸಿದರು ಎಂಬುದನ್ನು ಅದು ತೋರಿಸುತ್ತದೆಯೇ ಹೊರತು ಉಚಿತ ಯೂನಿಟ್ಟಾಗಲಿ, ಅಗ್ಗದ ಹಂತವಾಗಲಿ ಅದರಿಂದ ಸಿಗದು.

ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಇ.ಬಿ. ಮೀಟರಿಗೆ ನಿಗಮದ ಸೀಲು ಇರುತ್ತದೆ, ಅದಕ್ಕೊಂದು ಗ್ರಾಹಕ ಸಂಖ್ಯೆ ಇರುತ್ತದೆ, ಎರಡು ತಿಂಗಳಿಗೊಮ್ಮೆ ನಿಗಮದ ಸಿಬ್ಬಂದಿ ಬಂದು ರೀಡಿಂಗ್ ಬರೆದುಕೊಳ್ಳುತ್ತಾರೆ. ಆ ಗ್ರಾಹಕ ಸಂಖ್ಯೆ ಕೈಯಲ್ಲಿದ್ದರೆ ನಿಗಮದ ವೆಬ್‌ಸೈಟಿನಲ್ಲಿ ಬಾಕಿ ಇರುವ ಬಿಲ್ಲನ್ನು ಯಾರು ಬೇಕಾದರೂ ನೋಡಬಹುದು. ಸಬ್ ಮೀಟರಿನ ರೀಡಿಂಗ್ ಬರೆಯುವವರು ಮಾಲೀಕರು ಅಥವಾ ಅವರ ಮನೆಯವರು.

ಸಬ್ ಮೀಟರ್ ಇರುವ ಕಡೆ ಹಣ ವಸೂಲಿಗೆ ಎರಡು ದಾರಿಗಳಿವೆ. ಒಂದು, ಬಂದ ಬಿಲ್ಲನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ, ಪ್ರತಿಯೊಬ್ಬರ ಬಳಕೆಗೆ ತಕ್ಕಂತೆ ಹಂಚುವುದು. ಮೇಲಿನ ಉದಾಹರಣೆಯಲ್ಲಿ 4,014 ರೂಪಾಯಿಯನ್ನು 720ರಿಂದ ಭಾಗಿಸಿದರೆ ಯೂನಿಟ್ಟಿಗೆ ಸುಮಾರು 5 ರೂಪಾಯಿ 58 ಪೈಸೆ ಬೀಳುತ್ತದೆ. ಒಂದೇ ಮೀಟರಿನ ಮಿತಿಯೊಳಗೆ ಇದು ನ್ಯಾಯವಾದ ಹಂಚಿಕೆ.

ಇನ್ನೊಂದು, ಬಿಲ್ಲು ಎಷ್ಟೇ ಬರಲಿ ಯೂನಿಟ್ಟಿಗೆ ಇಂತಿಷ್ಟು ಎಂದು ಮೊದಲೇ ಗೊತ್ತುಮಾಡುವುದು. ಯೂನಿಟ್ಟಿಗೆ 8 ರೂಪಾಯಿ ಎಂದಿದ್ದರೆ 180 ಯೂನಿಟ್ಟಿಗೆ 1,440 ರೂಪಾಯಿ. ನಾಲ್ಕು ಮನೆಯಿಂದ 5,760 ರೂಪಾಯಿ ಸೇರುತ್ತದೆ, ಇ.ಬಿ.ಗೆ ಹೋಗುವುದು 4,014. ಉಳಿದ 1,746 ರೂಪಾಯಿ ನೀರಿನ ಮೋಟರಿಗೋ ಮೆಟ್ಟಿಲ ದೀಪಕ್ಕೋ ಹೋದರೆ ಸರಿ, ಹಾಗೆಂದು ಮೊದಲೇ ಹೇಳಿರಬೇಕು. ಇಲ್ಲವಾದರೆ ಅದು ಹೆಸರಿಲ್ಲದ ಬಾಡಿಗೆ ಹೆಚ್ಚಳ.

ಮೂರನೆಯದೂ ಒಂದುಂಟು. ಪ್ರತ್ಯೇಕ ಇ.ಬಿ. ಮೀಟರ್ ಇದ್ದರೂ ಬಿಲ್ಲು ತೋರಿಸದೆ ಯೂನಿಟ್ಟಿಗೆ 8 ರೂಪಾಯಿಯಂತೆ ವಸೂಲಿ ಮಾಡುವುದು. ಆಗ ಸಂಪರ್ಕಕ್ಕೆ ಬಂದ ಬಿಲ್ಲು 188 ರೂಪಾಯಿ, ಬಾಡಿಗೆದಾರರು ಕೊಟ್ಟದ್ದು 1,440. ಮನೆಗಳಿಗೆ ಸ್ಥಿರ ಶುಲ್ಕ 2022ರಲ್ಲೇ ಹೋಗಿರುವುದರಿಂದ "ಮಿನಿಮಮ್ ಚಾರ್ಜು" ಎಂಬ ಕಾರಣವೂ ನಿಲ್ಲುವುದಿಲ್ಲ. ಇಂಥ ಕಡೆ ಬಾಡಿಗೆದಾರರು ಗ್ರಾಹಕ ಸಂಖ್ಯೆ ಕೇಳಿ ಪಡೆದು, ಬಿಲ್ಲನ್ನು ತಾವೇ ನೇರವಾಗಿ ಕಟ್ಟುವುದು ಲೇಸು.

ಮಾಲೀಕರ ಕಷ್ಟವೂ ಉಂಟು

ಪ್ರತ್ಯೇಕ ಮೀಟರ್ ಹಾಕಿಸದಿರುವುದಕ್ಕೆಲ್ಲ ದುರಾಸೆಯೇ ಕಾರಣವಲ್ಲ. ಒಂದು ಮನೆಯೆಂದು ಕಟ್ಟಿದ್ದನ್ನು ಕಾಲಕ್ರಮೇಣ ನಾಲ್ಕು ಮನೆ ಮಾಡಿದ ಹಳೆಯ ಕಟ್ಟಡಗಳಲ್ಲಿ ವೈರಿಂಗ್ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಅದನ್ನು ಬಿಡಿಸಿ ಹೊಸದಾಗಿ ಎಳೆಯಲು ಖರ್ಚಿದೆ. ಹೊಸ ಸಂಪರ್ಕಕ್ಕೆ ಶುಲ್ಕ, ಠೇವಣಿ ಕಟ್ಟಬೇಕು. ಬಾಡಿಗೆದಾರರು ಬಿಲ್ಲು ಕಟ್ಟದೆ ಮನೆ ಖಾಲಿ ಮಾಡಿದರೆ ಸಂಪರ್ಕ ಕಡಿತವಾಗುವುದು ಮಾಲೀಕರ ಮನೆಯದು.

ಇನ್ನೊಂದು ಭಯ 2022ರ ನವೆಂಬರ್‌ನಲ್ಲಿ ಆಧಾರ್ ಜೋಡಣೆ ಶುರುವಾದಾಗ ಹುಟ್ಟಿದ್ದು. ಒಬ್ಬರ ಹೆಸರಿನಲ್ಲಿ ಹಲವು ಮೀಟರ್ ಇದ್ದರೆ ಉಚಿತ ಯೂನಿಟ್ ನಿಂತುಹೋಗುತ್ತದೆ ಎಂಬ ಸುದ್ದಿ ಆಗ ಹಬ್ಬಿತ್ತು. ಹಲವು ಸಂಪರ್ಕಗಳಿದ್ದರೂ ರಿಯಾಯಿತಿ ಮುಂದುವರಿಯುತ್ತದೆ ಎಂದು ಸರಕಾರ ಆಗಲೇ ಸ್ಪಷ್ಟಪಡಿಸಿತು. ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಲೂ ಅವಕಾಶ ಕೊಡಲಾಗಿತ್ತು.

ಆದರೆ ಒಂದೇ ಕುಟುಂಬ ಒಂದೇ ಮನೆಯಲ್ಲಿದ್ದುಕೊಂಡು ರಿಯಾಯಿತಿಗೆಂದೇ ಎರಡು ಮೀಟರ್ ಇಟ್ಟುಕೊಳ್ಳುವುದನ್ನು ನಿಗಮ ಒಪ್ಪುವುದಿಲ್ಲ. ಪ್ರತ್ಯೇಕ ಸಂಪರ್ಕ ಬೇಕಾದರೆ ಮನೆ ನಿಜವಾಗಿಯೂ ಪ್ರತ್ಯೇಕವಾಗಿರಬೇಕು. ಬೇರೆ ಬಾಗಿಲು, ಬೇರೆ ಅಡುಗೆಮನೆ ಇದೆಯೇ ಎಂದು ಸ್ಥಳಕ್ಕೆ ಬಂದು ನೋಡುತ್ತಾರೆ.

ಬಾಡಿಗೆದಾರರೇ ಅರ್ಜಿ ಹಾಕಬಹುದೇ?

ಹಾಕಬಹುದು. ಇದು ಬಹಳ ಮಂದಿಗೆ ತಿಳಿಯದ ಸಂಗತಿ. 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಸಂಪರ್ಕ ಕೇಳುವ ಹಕ್ಕು ಕಟ್ಟಡದ ಮಾಲೀಕರಿಗೆ ಮಾತ್ರವಲ್ಲ, ಅದರಲ್ಲಿ ವಾಸಿಸುವವರಿಗೂ ಇದೆ.

2004ರ ತಮಿಳುನಾಡು ವಿದ್ಯುತ್ ವಿತರಣಾ ಸಂಹಿತೆ ಇದರ ವಿಧಾನವನ್ನು ಹೇಳುತ್ತದೆ. ಮಾಲೀಕರಲ್ಲದವರು ಅರ್ಜಿ ಹಾಕುವಾಗ 5ನೇ ನಮೂನೆಯಲ್ಲಿ ಮಾಲೀಕರ ಒಪ್ಪಿಗೆ ಪತ್ರ ಕೊಡಬೇಕು. ಮಾಲೀಕರು ಊರಲ್ಲಿಲ್ಲದಿದ್ದರೆ ಅಥವಾ ಒಪ್ಪಿಗೆ ಕೊಡಲು ನಿರಾಕರಿಸಿದರೆ ಅಷ್ಟಕ್ಕೇ ದಾರಿ ಮುಚ್ಚುವುದಿಲ್ಲ. ತಾವು ಕಾನೂನುಬದ್ಧವಾಗಿ ವಾಸವಿರುವುದಕ್ಕೆ ದಾಖಲೆ ತೋರಿಸಿ, 6ನೇ ನಮೂನೆಯಲ್ಲಿ ನಷ್ಟಭರ್ತಿ ಮುಚ್ಚಳಿಕೆ ಬರೆದುಕೊಟ್ಟು, ಭದ್ರತಾ ಠೇವಣಿಯನ್ನು ಮಾಮೂಲಿಯ ಎರಡರಷ್ಟು ಕಟ್ಟಿದರೆ ಸಂಪರ್ಕ ಪಡೆಯಬಹುದು.

ಕಾಗದದ ಮೇಲೆ ಹಕ್ಕು ಇದ್ದರೂ ಒಂದೆರಡು ವರ್ಷವಷ್ಟೇ ಇರುವ ಮನೆಯಲ್ಲಿ ಮಾಲೀಕರೊಂದಿಗೆ ಜಗಳ ಕಟ್ಟಿಕೊಂಡು ಮೀಟರ್ ಹಾಕಿಸುವವರು ವಿರಳ. ಒಪ್ಪಿಸುವುದೇ ಸುಲಭದ ದಾರಿ. ಆ ಮಾತುಕತೆಗೆ ಮೇಲಿನ ಲೆಕ್ಕ ಸಾಕು. ನಾಲ್ಕು ಮನೆಯ ವಠಾರದಲ್ಲಿ ವರ್ಷಕ್ಕೆ 19 ಸಾವಿರ ರೂಪಾಯಿ ಉಳಿಯುವಾಗ ವೈರಿಂಗ್ ಖರ್ಚಿನ ಒಂದು ಪಾಲನ್ನು ಬಾಡಿಗೆದಾರರು ಹೊತ್ತು, ಅದನ್ನು ಅಡ್ವಾನ್ಸಿಗೋ ಬಾಡಿಗೆಗೋ ವಜಾ ಹಾಕಿಕೊಳ್ಳುವ ಒಪ್ಪಂದ ಇಬ್ಬರಿಗೂ ಲಾಭ. ಮೀಟರ್ ಮನೆಗೇ ಉಳಿಯುತ್ತದೆ. ಪ್ರತ್ಯೇಕ ಮೀಟರ್ ಇರುವ ಮನೆಗೆ ಬಾಡಿಗೆದಾರರು ಸಿಗುವುದೂ ಸುಲಭ.

ಮೋಟರ್, ಮೆಟ್ಟಿಲು, ಮುಂಬಾಗಿಲ ಅಂಗಡಿ

ಮನೆಗಳಿಗೆಲ್ಲ ಪ್ರತ್ಯೇಕ ಮೀಟರ್ ಇದ್ದರೂ ನೀರಿನ ಮೋಟರ್, ಮೆಟ್ಟಿಲ ದೀಪಗಳಿಗೆ ಸಾಮಾನ್ಯ ಮೀಟರ್ ಬೇರೆ ಇರುತ್ತದೆ. ಅದಕ್ಕೆ ಉಚಿತ ಯೂನಿಟ್ ಇಲ್ಲ. 2022ರಲ್ಲಿ ಇದಕ್ಕೆ ಯೂನಿಟ್ಟಿಗೆ 8 ರೂಪಾಯಿ ನಿಗದಿಯಾಗಿತ್ತು. ಹತ್ತು ಅಥವಾ ಕಡಿಮೆ ಮನೆಗಳಿರುವ, ಮೂರು ಅಂತಸ್ತು ಮೀರದ, ಲಿಫ್ಟ್ ಇಲ್ಲದ ಕಟ್ಟಡಗಳಿಗೆ 2023ರ ನವೆಂಬರ್‌ನಿಂದ ಅದನ್ನು 5 ರೂಪಾಯಿ 50 ಪೈಸೆಗೆ ಇಳಿಸಲಾಯಿತು. ಈ ಬಿಲ್ಲನ್ನು ಎಲ್ಲ ಮನೆಗಳೂ ಹಂಚಿಕೊಳ್ಳುವುದು ನ್ಯಾಯ. ಆದರೆ ಬಿಲ್ಲು ಎಲ್ಲರಿಗೂ ಕಾಣುವಂತಿರಬೇಕು.

ಮನೆಯ ಮೀಟರಿನಿಂದಲೇ ಮುಂದಿನ ಕೋಣೆಯ ಅಂಗಡಿಗೆ ಲೈನ್ ಎಳೆದಿರುವ ಮನೆಗಳ ಬಗ್ಗೆ ಎಚ್ಚರ ಬೇಕು. ಅಂಗಡಿಗೆ ವಾಣಿಜ್ಯ ದರ. ಮನೆ ದರದ ಕರೆಂಟನ್ನು ವ್ಯಾಪಾರಕ್ಕೆ ಬಳಸಿದ್ದು ಕಂಡುಬಂದರೆ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಆ ದರದ ಎರಡರಷ್ಟು ಲೆಕ್ಕ ಹಾಕಿ ವಸೂಲಿ ಮಾಡಬಹುದು. ಅಂಗಡಿ ಯಾರದೇ ಇರಲಿ, ಫ್ಯೂಸ್ ಕಿತ್ತರೆ ಕತ್ತಲಾಗುವುದು ಮನೆಯೊಳಗಿದ್ದವರಿಗೆ.

ಗಡಿಯ ಆಚೆ ಈಚೆ

ಅತ್ತಿಬೆಲೆ, ಆನೇಕಲ್ ಕಡೆಯಿಂದ ಹೊಸೂರಿಗೆ ಮನೆ ಬದಲಾಯಿಸುವ ಕುಟುಂಬಗಳಿಗೆ ಒಂದು ಗೊಂದಲ ಸಹಜ. ಕರ್ನಾಟಕದಲ್ಲಿ 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತ. ಆದರೆ ಅದು ಎಲ್ಲರಿಗೂ ಸಾರಾಸಗಟು 200 ಅಲ್ಲ. 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಮಿತಿ ಗೊತ್ತುಮಾಡಲಾಯಿತು. ಬಾಡಿಗೆದಾರರಿಗೂ ನೋಂದಣಿಗೆ ಅವಕಾಶ ಕೊಡಲಾಯಿತು.

ಗಡಿ ದಾಟಿದ ಮೇಲೆ ಅದು ಅನ್ವಯಿಸದು. ಇಲ್ಲಿ 100 ಯೂನಿಟ್ ಎರಡು ತಿಂಗಳಿಗೆ, ಅಂದರೆ ತಿಂಗಳಿಗೆ ಐವತ್ತು. ಅದಕ್ಕೆ ಬಾಡಿಗೆದಾರರು ಬೇರೆ ಅರ್ಜಿ ಹಾಕಬೇಕಿಲ್ಲ, ಮನೆ ಸಂಪರ್ಕಕ್ಕೆ ತಾನಾಗಿಯೇ ಸಿಗುತ್ತದೆ. ಆಚೆಯ ಮನೆ ಬಿಡುವಾಗ ಅಲ್ಲಿನ ನೋಂದಣಿಯಿಂದ ತಮ್ಮ ಆಧಾರ್ ಬಿಡಿಸಿಕೊಂಡರೆ ಮುಂದೆ ಬರುವವರಿಗೂ ತೊಂದರೆಯಿಲ್ಲ.

ಹೊಸೂರಿನ ಚಳಿಗೆ ಬಿಸಿನೀರಿನ ಗೀಸರ್ ಬೇಕೇ ಬೇಕು ಎನ್ನುವವರು ಇನ್ನೊಂದು ಲೆಕ್ಕ ನೆನಪಿಡಬೇಕು. 2 ಕಿಲೋವಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. ಎರಡು ತಿಂಗಳಿಗೆ 60 ಯೂನಿಟ್. 460ರಲ್ಲಿದ್ದ ಮನೆಯನ್ನು 520ಕ್ಕೆ ತಳ್ಳಲು ಇಷ್ಟೇ ಸಾಕು. ಆಗ 1,553 ರೂಪಾಯಿಯ ಬಿಲ್ಲು 2,208 ಆಗುತ್ತದೆ.

ಕೀಲಿಕೈ ತೆಗೆದುಕೊಳ್ಳುವ ಮುನ್ನ

ಮನೆ ಒಪ್ಪುವ ಮೊದಲು ನೋಡಬೇಕಾದ್ದು ಇಷ್ಟು.

- ಮೀಟರ್ ಇ.ಬಿ.ಯದೋ ಸಬ್ ಮೀಟರೋ? ಸಬ್ ಮೀಟರ್ ಆದರೆ ಹಿಂದಿರುವ ಇ.ಬಿ. ಮೀಟರಿಗೆ ಎಷ್ಟು ಮನೆ ಸೇರಿವೆ?

- ಗ್ರಾಹಕ ಸಂಖ್ಯೆ ಪಡೆದು ಹಳೆ ಬಾಕಿ ಇದೆಯೇ ಎಂದು ನೋಡಬೇಕು. ಹಿಂದಿನವರು ಉಳಿಸಿಹೋದ ಬಾಕಿಗೆ ಹೊಸಬರ ಕರೆಂಟು ಹೋಗುತ್ತದೆ.

- ಒಳಗಿನ ಸ್ವಿಚ್ಚುಗಳನ್ನೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ ತೆಗೆದು ಮೀಟರಿನ ಕೆಂಪು ದೀಪ ನೋಡಬೇಕು. ಆಗಲೂ ಅದು ಮಿನುಗುತ್ತಲೇ ಇದ್ದರೆ ಬೇರೆ ಯಾರದೋ ಲೈನು ಇದೇ ಮೀಟರಿಗೆ ಸೇರಿರಬಹುದು, ಇಲ್ಲವೇ ವೈರಿಂಗಿನಲ್ಲಿ ಸೋರಿಕೆ ಇರಬಹುದು.

- ಕೀಲಿಕೈ ಪಡೆದ ದಿನ ಮತ್ತು ಖಾಲಿ ಮಾಡಿದ ದಿನ ಮೀಟರಿನ ಫೋಟೋ ತೆಗೆದು ಮಾಲೀಕರಿಗೂ ಕಳಿಸಬೇಕು. ಎರಡು ತಿಂಗಳ ಅವಧಿಯ ನಡುವೆ ಮನೆ ಬದಲಾದರೆ ಉಚಿತ 100 ಯೂನಿಟ್ ಹಳಬರಿಗೂ ಹೊಸಬರಿಗೂ ಸೇರಿದ್ದು. ಇಬ್ಬರೂ ತಲಾ 90 ಯೂನಿಟ್ ಬಳಸಿದ್ದರೆ ಬಿಲ್ಲು 188, ತಲಾ 94 ರೂಪಾಯಿ. ಫೋಟೋ ಇಲ್ಲದಿದ್ದರೆ ಪೂರ್ತಿ ಬಿಲ್ಲು ಹೊಸಬರ ತಲೆಗೆ.

- ಕರಾರು ಪತ್ರದಲ್ಲಿ ಒಂದು ಸಾಲು ಬರೆಸಬೇಕು. ಪ್ರತ್ಯೇಕ ಮೀಟರಾದರೆ "ಇ.ಬಿ. ಬಿಲ್ಲಿನ ಮೊತ್ತವನ್ನು ಬಾಡಿಗೆದಾರರೇ ಕಟ್ಟತಕ್ಕದ್ದು" ಎಂದು, ಸಬ್ ಮೀಟರಾದರೆ "ಇ.ಬಿ. ಬಿಲ್ಲನ್ನು ತೋರಿಸಿ ಯೂನಿಟ್ ಪ್ರಕಾರ ಹಂಚತಕ್ಕದ್ದು" ಎಂದು.

ತಕರಾರು ಬಂದರೆ

ಮೀಟರ್ ಕೆಟ್ಟಿದೆ, ರೀಡಿಂಗ್ ತಪ್ಪಾಗಿದೆ, ದರದ ವರ್ಗ ತಪ್ಪಾಗಿದೆ ಎಂಬ ದೂರುಗಳು ನಿಗಮಕ್ಕೆ ಸೇರಿದವು. ಮೊದಲು ಆ ಭಾಗದ ಇ.ಬಿ. ಸೆಕ್ಷನ್ ಆಫೀಸಿಗೆ ಬರೆದು ಕೊಡಬೇಕು. 2021ರಲ್ಲಿ ಆರಂಭವಾದ 'ಮಿನ್ನಗಂ' ಸಹಾಯವಾಣಿ 94987 94987ಕ್ಕೂ ಹೇಳಬಹುದು. ಅಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಮಾತಿನಲ್ಲಿ ಹೇಳಿ ಬಂದದ್ದಕ್ಕಿಂತ ಬರೆದು ಕೊಟ್ಟು ಸ್ವೀಕೃತಿ ಪಡೆದದ್ದಕ್ಕೆ ಬೆಲೆ ಹೆಚ್ಚು.

ಮಾಲೀಕರು ಹೆಚ್ಚು ವಸೂಲಿ ಮಾಡುತ್ತಾರೆ, ಜಗಳವಾಡಿ ಕರೆಂಟ್ ತೆಗೆಸಿದರು ಎಂಬುದು ಬಾಡಿಗೆಯ ವ್ಯಾಜ್ಯ. 2019ರ ಫೆಬ್ರವರಿ 22ರಿಂದ ಜಾರಿಯಲ್ಲಿರುವ ತಮಿಳುನಾಡಿನ ಮಾಲೀಕ-ಬಾಡಿಗೆದಾರರ ಕಾಯ್ದೆ ಇದಕ್ಕಾಗಿ ಬಾಡಿಗೆ ಪ್ರಾಧಿಕಾರವನ್ನು ಮಾಡಿದೆ. ವ್ಯಾಜ್ಯವೇನೇ ಇರಲಿ, ಬಾಡಿಗೆದಾರರ ನೀರು, ವಿದ್ಯುತ್ತು ನಿಲ್ಲಿಸುವಂತಿಲ್ಲ ಎಂಬುದು ಆ ಕಾಯ್ದೆಯ ನಿಲುವು. ಅದರ ಪೂರ್ತಿ ಆಸರೆ ಬೇಕಾದರೆ ಕರಾರು ಬರಹದಲ್ಲಿರಬೇಕು, ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಬಾಯಿಮಾತಿನ ಬಾಡಿಗೆಯಲ್ಲಿ ಇರುವವರು ಹೆಚ್ಚಾಗಿ ಸೋಲುವುದು ಇಲ್ಲಿಯೇ.

ಬಾಡಿಗೆಯಲ್ಲಿ ಇನ್ನೂರು ಮುನ್ನೂರು ರೂಪಾಯಿ ಇಳಿಸಲು ಗಂಟೆಗಟ್ಟಲೆ ಚೌಕಾಸಿ ಮಾಡುವುದುಂಟು. ತಿಂಗಳ ಬಾಡಿಗೆ ಮುನ್ನೂರು ಹೆಚ್ಚಿದ್ದರೂ ಪ್ರತ್ಯೇಕ ಇ.ಬಿ. ಮೀಟರ್ ಇರುವ ಮನೆಯೇ, ಮೇಲಿನ ನಾಲ್ಕು ಮನೆಯ ವಠಾರದ ಲೆಕ್ಕದಲ್ಲಿ, ವರ್ಷದ ಕೊನೆಗೆ ಅಗ್ಗವಾಗುತ್ತದೆ. ಬಾಡಿಗೆ ಕೇಳುವ ಮೊದಲೇ ಮೀಟರ್ ಬೋರ್ಡಿನ ಮುಂದೆ ಒಂದು ನಿಮಿಷ ನಿಂತರೆ ಸಾಕು, ಮನೆಯ ನಿಜವಾದ ಬೆಲೆ ತಿಳಿಯುತ್ತದೆ.